ಪಾಲ್ಸಿ ಎಂದರೆ ಲಕ್ವವಲ್ಲ

'ಪಾಲ್ಸಿ' ಎಂಬ ಇಂಗ್ಲಿಷ್ ಪದಕ್ಕೆ ಕಿರು ನಿಘಂಟುಗಳು ಕೊಡುವ ಅರ್ಥ ಒಂದೇ ಮಾತಿನದು: ಅದು 'ಪ್ಯಾರಾಲಿಸಿಸ್' ಎಂಬುದರ ಹಳೆಯ ರೂಪ. ಇಂಗ್ಲಿಷ್–ಕನ್ನಡ ನಿಘಂಟುಗಳಲ್ಲಿ ಸಾಮಾನ್ಯವಾಗಿ ಎರಡೂ ಪದಗಳ ಎದುರಿಗೆ ಪಾರ್ಶ್ವವಾಯು, ಲಕ್ವ ಎಂಬ ಒಂದೇ ಜೋಡಿ ಕೂತಿರುತ್ತದೆ. ಈ ಸಮೀಕರಣದ ಮೇಲೆ ದೊಡ್ಡದೊಂದು ನಂಬಿಕೆ ಕಟ್ಟಿಕೊಂಡಿದೆ. ಹೆಸರಿನ ಕೊನೆಗೆ ಪಾಲ್ಸಿ ಎಂದಿರುವ ಕಾಯಿಲೆಗಳೆಲ್ಲ ಲಕ್ವದ ಬಗೆಗಳಂತೆ. ಬೆಲ್ಸ್ ಪಾಲ್ಸಿ ಎಂದರೆ ಮುಖಕ್ಕೆ ಹೊಡೆದ ಲಕ್ವವಂತೆ, ಸೆರೆಬ್ರಲ್ ಪಾಲ್ಸಿ ಎಂದರೆ ಮಿದುಳಿಗೆ ಹೊಡೆದ ಲಕ್ವವಂತೆ. ಆರೋಗ್ಯ ಅಂಕಣಗಳಲ್ಲಿಯೂ ಆಸ್ಪತ್ರೆಯ ವರಾಂಡದಲ್ಲಿ ನೆಂಟರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ವಿವರಣೆಯಲ್ಲಿಯೂ ದಾಟುವುದು ಈ ನಂಬಿಕೆಯೇ. ಅದು ತಪ್ಪು. ಪದದ ಇತಿಹಾಸ ಅದನ್ನು ಬೆಂಬಲಿಸುವುದಿಲ್ಲ, ವೈದ್ಯರ ಇಂದಿನ ಬಳಕೆ ಬೆಂಬಲಿಸುವುದಿಲ್ಲ, ರೋಗಿಯ ದೇಹವಂತೂ ಬೆಂಬಲಿಸುವುದೇ ಇಲ್ಲ.

ನಂಬಿಕೆಯ ಮೊದಲ ಆಧಾರ ವ್ಯುತ್ಪತ್ತಿ. ಎರಡೂ ಪದಗಳು ಒಂದೇ ಬೇರಿನವು, ಆದ್ದರಿಂದ ಅರ್ಥವೂ ಒಂದೇ ಎಂಬುದು ವಾದ. ಬೇರು ಒಂದೇ ಎಂಬುದರಲ್ಲಿ ಸಂದೇಹವಿಲ್ಲ. ಗ್ರೀಕಿನ ಮೂಲಪದದಲ್ಲಿ 'ಪ್ಯಾರಾ' ಎಂದರೆ ಪಕ್ಕ, 'ಲುಯೀನ್' ಎಂದರೆ ಸಡಿಲಿಸು, ಬಿಚ್ಚು. ಅದು ಲ್ಯಾಟಿನ್ ದಾಟಿ ಹಳೆಯ ಫ್ರೆಂಚಿಗೆ ಬಂತು. ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ಫ್ರೆಂಚಿನಲ್ಲಿ ನಡುವಿನ ಅಕ್ಷರಗಳು ಸವೆದವು. 1300ರ ಸುಮಾರಿಗೆ ಇಂಗ್ಲಿಷರ ಬಾಯಲ್ಲಿ 'ಪಾಲೆಸಿ' ಎಂದಾಗಿ, ಮುಂದೆ 'ಪಾಲ್ಸಿ' ಎಂದು ನಿಂತಿತು. ಇದಾಗಿ 200 ವರ್ಷಗಳ ಮೇಲೆ, 16ನೆಯ ಶತಮಾನದಲ್ಲಿ, ಪಂಡಿತರು ಅದೇ ಪದವನ್ನು ಲ್ಯಾಟಿನ್ನಿನಿಂದ ಇಡಿಯಾಗಿ ಎತ್ತಿ ತಂದರು. ಅದು 'ಪ್ಯಾರಾಲಿಸಿಸ್'.

ಕನ್ನಡ ವ್ಯಾಕರಣ ಓದಿದವರಿಗೆ ಇದರಲ್ಲಿ ಹೊಸದೇನಿಲ್ಲ. ಪಾಲ್ಸಿ ತದ್ಭವ, ಪ್ಯಾರಾಲಿಸಿಸ್ ತತ್ಸಮ. 'ಪರ್ವ' ಸವೆದು 'ಹಬ್ಬ'ವಾಯಿತು, 'ವರ್ಣ' ಸವೆದು 'ಬಣ್ಣ'ವಾಯಿತು. ಹಾಗೆಂದು ಮಹಾಭಾರತದ ಆದಿಪರ್ವವನ್ನು ಆದಿಹಬ್ಬ ಎನ್ನುವವರಿಲ್ಲ, ವರ್ಣಮಾಲೆಯನ್ನು ಬಣ್ಣದ ಮಾಲೆ ಎಂದು ಮಕ್ಕಳಿಗೆ ಕಲಿಸುವವರಿಲ್ಲ. ಒಂದೇ ಬೇರಿನ ಎರಡು ರೂಪಗಳು ಒಂದು ಭಾಷೆಯಲ್ಲಿ ಬಹುಕಾಲ ಬಾಳಿದರೆ ಅವು ಕೆಲಸ ಹಂಚಿಕೊಂಡಿವೆ ಎಂದೇ ತಿಳಿಯಬೇಕು. ಹಂಚಿಕೊಳ್ಳದೆ ಹೋಗಿದ್ದರೆ ಒಂದು ಎಂದೋ ಬಿದ್ದುಹೋಗುತ್ತಿತ್ತು. ಪಾಲ್ಸಿ 700 ವರ್ಷಗಳಿಂದ ಬಿದ್ದುಹೋಗಿಲ್ಲ.

ಎರಡನೆಯ ಆಧಾರ ಬೈಬಲ್. ಇದು ಎದುರಾಳಿಗಳ ಕೈಯಲ್ಲಿರುವ ಗಟ್ಟಿ ಸಾಕ್ಷಿ, ಅದನ್ನು ಒಪ್ಪಲೇಬೇಕು. ನಾಲ್ವರು ಹೊತ್ತು ತಂದ, ಜನಜಂಗುಳಿಯಿಂದಾಗಿ ಮಾಡು ತೆಗೆದು ಒಳಕ್ಕೆ ಇಳಿಸಿದ ರೋಗಿಯ ಕಥೆ ಸುವಾರ್ತೆಗಳಲ್ಲಿದೆ. 1611ರ ಕಿಂಗ್ ಜೇಮ್ಸ್ ಅನುವಾದ ಅವನ ರೋಗವನ್ನು ಪಾಲ್ಸಿ ಎನ್ನುತ್ತದೆ. ಕನ್ನಡ ಬೈಬಲ್ ಪಾರ್ಶ್ವವಾಯು ಎನ್ನುತ್ತದೆ. ಹಾಸಿಗೆ ಬಿಟ್ಟು ಏಳಲಾರದವನ ಬಗ್ಗೆ ಮಾತು, ಆದ್ದರಿಂದ ಅಲ್ಲಿ ಅರ್ಥ ಚಲನೆ ನಿಂತುಹೋಗುವುದೇ. 20ನೆಯ ಶತಮಾನದ ಇಂಗ್ಲಿಷ್ ಅನುವಾದಗಳು ಪಾಲ್ಸಿಯನ್ನು ಕೈಬಿಟ್ಟು ಪ್ಯಾರಾಲಿಸಿಸ್ ಬಳಗದ ಪದಗಳನ್ನು ಹಾಕಿಕೊಂಡವು. ಹೀಗೆ ಬದಲಿಸಿದ್ದನ್ನು ನೋಡಿ 'ಎರಡೂ ಒಂದೇ, ಒಂದು ಹಳತಾಯಿತು, ಅಷ್ಟೆ' ಎಂದು ಹೇಳುವುದು ಸುಲಭ. ಬದಲಿಸಬೇಕಾಗಿ ಬಂದದ್ದಾದರೂ ಏಕೆ ಎಂದು ಕೇಳಿದರೆ ವಾದ ತಿರುಗಿಬೀಳುತ್ತದೆ. ಇಂಗ್ಲಿಷ್ ಓದುಗನಿಗೆ ಪಾಲ್ಸಿ ಎಂದೊಡನೆ ಮಂಚ ಹಿಡಿದವನ ಚಿತ್ರ ಮೂಡುತ್ತಿದ್ದರೆ ಆ ಪದವನ್ನು ತೆಗೆಯುವ ಅಗತ್ಯವೇ ಇರಲಿಲ್ಲ.

ಏಕೆಂದರೆ ಜನರ ಬಾಯಲ್ಲಿ ಕಳೆದ ಶತಮಾನಗಳಲ್ಲಿ ಪಾಲ್ಸಿ ಇನ್ನೇನೇನನ್ನೋ ಮೈಗೂಡಿಸಿಕೊಂಡಿತ್ತು: ಬಲ ಕುಂದುವುದು, ಹಿಡಿತ ತಪ್ಪುವುದು, ಎಲ್ಲಕ್ಕಿಂತ ಹೆಚ್ಚಾಗಿ ನಡುಕ. ಷೇಕ್ಸ್‌ಪಿಯರನ 'ಟ್ರಾಯ್ಲಸ್ ಅಂಡ್ ಕ್ರೆಸಿಡಾ' ನಾಟಕದಲ್ಲಿ ಪ್ಯಾಟ್ರೋಕ್ಲಸ್ ಮುದುಕ ನೆಸ್ಟರನನ್ನು ಅಣಕಿಸುವ ಬಗೆಯನ್ನು ಯುಲಿಸಿಸ್ ವರ್ಣಿಸುತ್ತಾನೆ. ಕುತ್ತಿಗೆಯ ಕವಚದ ಗುಬ್ಬಿಯನ್ನು ಸೇರಿಸಲು ಹೋದ ಕೈ ಅದುರಿ ಅದುರಿ ಒಳಗೆ ಹೊರಗೆ ಮಾಡುತ್ತದೆ. ಕವಿ ಆ ತಡಕಾಟಕ್ಕೆ ಬಳಸಿದ ಪದ ಪಾಲ್ಸಿ. ಅಲ್ಲಿ ಕೈ ನಿಂತಿಲ್ಲ. ನಿಲ್ಲಿಸಲಾಗದೆ ಆಡುತ್ತಿದೆ. ದೊಡ್ಡ ಇಂಗ್ಲಿಷ್ ನಿಘಂಟುಗಳು ಇಂದಿಗೂ ಪಾಲ್ಸಿಯ ಅರ್ಥಗಳಲ್ಲಿ ತಡೆಯಲಾಗದ ನಡುಕವನ್ನು ಪ್ರತ್ಯೇಕವಾಗಿ ಎಣಿಸುತ್ತವೆ. ಕಿಸೆಯಲ್ಲಿ ಹಿಡಿಸುವ ನಿಘಂಟುಗಳಲ್ಲಿ ಜಾಗ ಸಾಲದೆ ಬಿದ್ದುಹೋದದ್ದು ಈ ಎರಡನೆಯ ಅರ್ಥ. ಕನ್ನಡಕ್ಕೆ ಬಂದದ್ದು ಮಾತ್ರ ಕಿಸೆಯ ನಿಘಂಟಿನ ಅರ್ಥ.

ನಡುಕದ ಅರ್ಥ ವೈದ್ಯಶಾಸ್ತ್ರದೊಳಗೆ ಅಧಿಕೃತವಾಗಿ ಕೂತದ್ದು 1817ರಲ್ಲಿ. ಲಂಡನ್ನಿನ ಹಾಕ್ಸ್‌ಟನ್‌ನಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಜೇಮ್ಸ್ ಪಾರ್ಕಿನ್ಸನ್ ಆ ವರ್ಷ 'ಶೇಕಿಂಗ್ ಪಾಲ್ಸಿ'ಯ ಮೇಲೆ ಒಂದು ಪ್ರಬಂಧ ಪ್ರಕಟಿಸಿದ. ಅದರಲ್ಲಿದ್ದ ರೋಗಿಗಳು 6 ಜನ. ಕೆಲವರನ್ನು ಅವನು ಕಂಡದ್ದು ಬೀದಿಯಲ್ಲಿ ಮಾತ್ರ. ಕೈ ಸುಮ್ಮನಿದ್ದಾಗಲೂ ನಡುಗುತ್ತದೆ, ದೇಹ ಮುಂದಕ್ಕೆ ಬಾಗುತ್ತದೆ, ನಡಿಗೆ ತಾನಾಗಿ ಓಟಕ್ಕೆ ತಿರುಗುತ್ತದೆ, ಬುದ್ಧಿ ಮತ್ತು ಇಂದ್ರಿಯಗಳಿಗೆ ಪೆಟ್ಟಿಲ್ಲ ಎಂದು ಅವನು ಬರೆದ. ಈ ಹೆಸರನ್ನು ವೈದ್ಯರು ಹೇಗೆ ಬೇಕಾದರೂ ಬಳಸುತ್ತಿದ್ದಾರೆ ಎಂಬ ದೂರೂ ಅವನ ಪ್ರಬಂಧದಲ್ಲಿಯೇ ಇದೆ. ಹೆಸರಿಗೊಂದು ಲ್ಯಾಟಿನ್ ರೂಪವನ್ನೂ ಅವನು ಕೊಟ್ಟ: ಪ್ಯಾರಾಲಿಸಿಸ್ ಅಜಿಟಾನ್ಸ್. ತೊಡಕು ಎದ್ದದ್ದು ಇಲ್ಲಿ. 1870ರ ದಶಕದಲ್ಲಿ ಪ್ಯಾರಿಸ್ಸಿನ ನರರೋಗ ತಜ್ಞ ಶಾರ್ಕೋ ಈ ಹೆಸರನ್ನು ತಳ್ಳಿಹಾಕಿದ. ರೋಗಿಯ ಸ್ನಾಯುಗಳ ಬಲ ಬಹುಕಾಲ ಉಳಿದಿರುತ್ತದೆ, ಚಲನೆ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ, ಎಲ್ಲ ರೋಗಿಗಳೂ ನಡುಗುವುದೂ ಇಲ್ಲ. ಹೀಗಿರುವಾಗ ಇದನ್ನು ಪ್ಯಾರಾಲಿಸಿಸ್ ಎನ್ನುವುದು ಹೇಗೆ ಎಂಬುದು ಅವನ ಆಕ್ಷೇಪ. ಅವನ ಸೂಚನೆಯಂತೆ ಕಾಯಿಲೆಗೆ ಪಾರ್ಕಿನ್ಸನ್ನನ ಹೆಸರೇ ನಿಂತಿತು.

ಶಾರ್ಕೋನ ಆಕ್ಷೇಪ ಎಲ್ಲಿ ತಗುಲುತ್ತದೆ ಎಂಬುದನ್ನು ಗಮನಿಸಬೇಕು. ಅವನು ಫ್ರೆಂಚಿನಲ್ಲಿ ಬರೆಯುತ್ತಿದ್ದ, ಫ್ರೆಂಚಿನಲ್ಲಿ ಈ ಕುಟುಂಬದ ಪದ ಒಂದೇ. ಇಂಗ್ಲಿಷಿನಲ್ಲಿ ಇದ್ದ ಎರಡು ಪದಗಳ ನಡುವಿನ ಸಂದು ಅವನಿಗೆ ಕಾಣುವಂತಿರಲಿಲ್ಲ. ನಡುಗುವ ಮುದುಕನನ್ನು ಪಾಲ್ಸಿ ಹಿಡಿದವನು ಎಂದಾಗ ಇಂಗ್ಲಿಷ್ ಕಿವಿಗೆ ಏನೂ ಅಪಸ್ವರ ಕೇಳುತ್ತಿರಲಿಲ್ಲ. ಪ್ಯಾರಾಲಿಸಿಸ್ ಎಂದಾಗ ಕೇಳುತ್ತಿತ್ತು. ಎರಡು ಪದಗಳೂ ಒಂದೇ ಆಗಿದ್ದರೆ ಈ ವ್ಯತ್ಯಾಸ ಬರುವುದೆಲ್ಲಿಂದ?

19ನೆಯ ಶತಮಾನದಿಂದ ಈಚೆಗೆ ಎರಡು ಪದಗಳ ಕೆಲಸ ಇನ್ನೂ ಸ್ಪಷ್ಟವಾಗಿ ಬೇರೆಯಾಯಿತು. ಪ್ಯಾರಾಲಿಸಿಸ್ ಒಂದು ಸ್ಥಿತಿಯ ಹೆಸರಾಯಿತು: ಚಲನೆ ಎಷ್ಟು ಹೋಗಿದೆ, ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಹೇಳುವಾಗ ಅದು ಬರುತ್ತದೆ. ಪೂರ್ತಿ ಹೋಗದೆ ಬಲ ಕುಗ್ಗಿದ್ದರೆ ಅದಕ್ಕೆ 'ಪರೀಸಿಸ್' ಎಂಬ ಇನ್ನೊಂದು ಪದವಿದೆ. ಪಾಲ್ಸಿ ಮಾತ್ರ ನಿರ್ದಿಷ್ಟ ರೋಗಗಳ ಹೆಸರಿನ ಬಾಲವಾಯಿತು. ಮುಂದೆ ಒಂದು ನರದ ಹೆಸರೋ ಒಬ್ಬ ವೈದ್ಯನ ಹೆಸರೋ ಒಂದು ಕಾರಣವೋ ಬಂದು ಹಿಂದೆ ಪಾಲ್ಸಿ ಸೇರುತ್ತದೆ. ಹೆರಿಗೆಯ ವೇಳೆ ಭುಜದ ನರಗಳು ಎಳೆದುಹೋಗಿ ಮಗುವಿನ ತೋಳು ಜೋತುಬಿದ್ದರೆ ಅರ್ಬ್ಸ್ ಪಾಲ್ಸಿ. ಕುಡಿದು ಕುರ್ಚಿಯ ಬೆನ್ನಿನ ಮೇಲೆ ತೋಳು ಹಾಕಿಕೊಂಡು ನಿದ್ದೆಹೋದವನ ರೇಡಿಯಲ್ ನರ ಒತ್ತಿ, ಬೆಳಿಗ್ಗೆ ಮುಂಗೈ ಎತ್ತಲಾಗದಿದ್ದರೆ ಸ್ಯಾಟರ್‌ಡೇ ನೈಟ್ ಪಾಲ್ಸಿ. ವಾರದ ಸಂಬಳ ಕೈಗೆ ಬಂದ ರಾತ್ರಿಯ ನೆನಪು ಆ ಹೆಸರಿನಲ್ಲಿದೆ. ಕಂಕುಳಲ್ಲಿ ಊರುಗೋಲು ಒತ್ತಿದರೆ ಕ್ರಚ್ ಪಾಲ್ಸಿ. ಇವುಗಳಲ್ಲಿ ಹೆಚ್ಚಿನವು ಒಂದು ನರದ ಸಮಸ್ಯೆ, ಹೆಚ್ಚಿನವು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ವಾಸಿಯಾಗುವಂಥವು. ವ್ಯಾಕರಣದಲ್ಲೂ ಇದರ ಗುರುತಿದೆ: ವೈದ್ಯ ವಿಲಿಯಂ ಆಸ್ಲರ್ 1889ರಲ್ಲಿ ಮಕ್ಕಳ ಸೆರೆಬ್ರಲ್ ಪಾಲ್ಸಿಗಳ ಮೇಲೆ ಪುಸ್ತಕ ಬರೆದಾಗ ಶೀರ್ಷಿಕೆಯಲ್ಲಿಯೇ ಬಹುವಚನ ಬಳಸಿದ. ಒಂದೊಂದಾಗಿ ಎಣಿಸಬಹುದಾದ ರೋಗಗಳ ವರ್ಗಕ್ಕೆ ಬಹುವಚನ ಸಹಜ.

ಪಾಲ್ಸಿ ಸತ್ತುಹೋದ ಪದ, ಹಳೆಯ ಕೆಲವು ಹೆಸರುಗಳಲ್ಲಿ ಮಾತ್ರ ಅಂಟಿಕೊಂಡು ಉಳಿದಿದೆ ಎನ್ನುವವರಿಗೆ ಒಂದೇ ಉದಾಹರಣೆ ಸಾಕು. 1960ರ ದಶಕದ ಮೊದಲ ವರ್ಷಗಳಲ್ಲಿ ಕೆನಡಾದ ಟೊರಾಂಟೊದಲ್ಲಿ ಸ್ಟೀಲ್, ರಿಚರ್ಡ್‌ಸನ್, ಓಲ್ಶೆವ್‌ಸ್ಕಿ ಎಂಬ ಮೂವರು ವೈದ್ಯರು ಅದುವರೆಗೆ ಹೆಸರಿಲ್ಲದ ಒಂದು ಕಾಯಿಲೆಯನ್ನು ಗುರುತಿಸಿದರು. ರೋಗಿ ಪದೇ ಪದೇ ಹಿಂದಕ್ಕೆ ಬೀಳುತ್ತಾನೆ, ಕಣ್ಣು ಕೆಳಕ್ಕೆ ಮಾಡಿ ಮೆಟ್ಟಿಲನ್ನೋ ತಟ್ಟೆಯನ್ನೋ ನೋಡಲಾರ. ಅವರು 1964ರಲ್ಲಿ ಪ್ರಕಟಿಸಿದ ಹೆಸರು ಪ್ರೋಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ. ಪದವನ್ನು ಆಯ್ದುಕೊಂಡದ್ದು 20ನೆಯ ಶತಮಾನದ ನರವಿಜ್ಞಾನಿಗಳು, ಹೊಸ ಕಾಯಿಲೆಗೆ. ಇನ್ನೂ ಮುಖ್ಯವಾದದ್ದು, ಈ ರೋಗಿಯ ಕಣ್ಣಿನ ಸ್ನಾಯುಗಳೂ ಅವಕ್ಕೆ ಹೋಗುವ ನರಗಳೂ ಕೆಲಸ ಮಾಡುತ್ತಲೇ ಇರುತ್ತವೆ. ದೃಷ್ಟಿಯನ್ನು ಒಂದೆಡೆ ನಿಲ್ಲಿಸಿಕೊಳ್ಳಲು ಹೇಳಿ ವೈದ್ಯರು ತಲೆಯನ್ನು ಮೇಲಕ್ಕೆ ಕೆಳಕ್ಕೆ ಆಡಿಸಿದರೆ ಅದೇ ಕಣ್ಣು ತಾನಾಗಿ ಸರಿಯುತ್ತದೆ. ಬೇಕೆಂದು ನೋಡಲು ಹೋದಾಗ ಮಾತ್ರ ಸರಿಯುವುದಿಲ್ಲ. ಇದನ್ನು 'ಕಣ್ಣಿನ ಲಕ್ವ' ಎಂದು ಅನುವಾದಿಸಿದವನು ರೋಗದ ಮರ್ಮವನ್ನೇ ಕಳೆದಂತೆ.

ಬೆಲ್ಸ್ ಪಾಲ್ಸಿಯ ವಿಷಯದಲ್ಲಿ ಎದುರಾಳಿಗಳಿಗೆ ಸ್ವಲ್ಪ ನೆಲ ಬಿಟ್ಟುಕೊಡಬೇಕು. ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಚಾರ್ಲ್ಸ್ ಬೆಲ್ 1821ರಲ್ಲಿ ಮುಖದ ನರಗಳ ಬಗ್ಗೆ ರಾಯಲ್ ಸೊಸೈಟಿಯಲ್ಲಿ ಮಂಡಿಸಿದ ಪ್ರಬಂಧದಿಂದ ಈ ಹೆಸರು ಬೆಳೆಯಿತು. ತಲೆಬುರುಡೆಯಿಂದ ಹೊರಡುವ 7ನೆಯ ನರ ಊದಿಕೊಂಡು, ಮೂಳೆಯ ಕಿರಿದಾದ ಕೊಳವೆಯಲ್ಲಿ ಇರುಕಿದಾಗ ಮುಖದ ಒಂದು ಪಕ್ಕ ಸಡಿಲವಾಗುತ್ತದೆ. ಕಣ್ಣು ಮುಚ್ಚುವುದಿಲ್ಲ, ಬಾಯಿ ಒಂದು ಕಡೆಗೆ ಸೊಟ್ಟಗಾಗುತ್ತದೆ, ನೀರು ಕುಡಿದರೆ ತುಟಿಯ ಅಂಚಿನಿಂದ ಸೋರುತ್ತದೆ. ಚಲನೆ ನಿಜಕ್ಕೂ ಹೋಗಿರುವುದರಿಂದ ವೈದ್ಯಪತ್ರಿಕೆಗಳೇ ಇಲ್ಲಿ ಪಾಲ್ಸಿ ಮತ್ತು ಪ್ಯಾರಾಲಿಸಿಸ್ ಎರಡನ್ನೂ ಅದಲುಬದಲು ಮಾಡುತ್ತವೆ. ಆ ಅದಲುಬದಲು ಇಲ್ಲಿ ತಪ್ಪಲ್ಲ. ತಪ್ಪಿರುವುದು ಅದರ ಮುಂದಿನ ಹೆಜ್ಜೆಯಲ್ಲಿ, ಪ್ಯಾರಾಲಿಸಿಸ್ ಎಂಬುದನ್ನು ಕನ್ನಡದ ಲಕ್ವ ಎಂದು ಮಾಡಿ, ಲಕ್ವ ಎಂದರೆ ಮಿದುಳಿನ ಆಘಾತ ಎಂದು ಓದುವಲ್ಲಿ.

ಮಿದುಳಿನ ರಕ್ತನಾಳ ಕಟ್ಟಿಕೊಂಡಾಗಲೂ ಒಡೆದಾಗಲೂ ಬಾಯಿ ಸೊಟ್ಟಗಾಗುತ್ತದೆ. ಆದರೆ ಹಣೆಯ ಸ್ನಾಯುಗಳಿಗೆ ಮಿದುಳಿನ ಎರಡೂ ಅರ್ಧಗಳಿಂದ ಆಜ್ಞೆ ಬರುವುದರಿಂದ ಒಂದು ಅರ್ಧ ಕೆಟ್ಟರೂ ಹುಬ್ಬೇರಿಸುವುದು ಸಾಮಾನ್ಯವಾಗಿ ಸಾಧ್ಯವಾಗುತ್ತದೆ. 7ನೆಯ ನರವೇ ಕೆಟ್ಟಾಗ ಆ ಪಕ್ಕದ ಹಣೆಯಲ್ಲಿ ಒಂದು ಗೆರೆಯೂ ಮೂಡುವುದಿಲ್ಲ. ಮಿದುಳಕಾಂಡದ ಕೆಲವು ಆಘಾತಗಳಲ್ಲಿ ಈ ಗುರುತು ಮೋಸ ಮಾಡುತ್ತದೆ, ಆದ್ದರಿಂದ ಹಠಾತ್ತನೆ ಮುಖ ಸೊಟ್ಟಗಾದವರೆಲ್ಲ ಮೊದಲು ಆಸ್ಪತ್ರೆಗೇ ಹೋಗಬೇಕು. ಮನೆಯ ಕನ್ನಡಿಯ ಮುಂದೆ ನಿಂತು ತೀರ್ಮಾನಿಸುವ ವಿಷಯ ಇದಲ್ಲ. ಎರಡು ಕಾಯಿಲೆಗಳ ಮುಂದಿನ ದಾರಿ ಮಾತ್ರ ತೀರ ಬೇರೆ. ಬೆಲ್ಸ್ ಪಾಲ್ಸಿ ಬಂದವರಲ್ಲಿ ಸುಮಾರು ಶೇಕಡಾ 70 ಮಂದಿ ಯಾವ ಮದ್ದೂ ಇಲ್ಲದೆ ಪೂರ್ತಿ ಸರಿಹೋಗುತ್ತಾರೆ. 72 ಗಂಟೆಗಳೊಳಗೆ ಸ್ಟೀರಾಯ್ಡ್ ಮಾತ್ರೆ ಶುರುಮಾಡಿದರೆ ಈ ಪ್ರಮಾಣ ಇನ್ನೂ ಏರುತ್ತದೆ. ಮಿದುಳಿನ ಆಘಾತದಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಅವಧಿ ನಾಲ್ಕೂವರೆ ಗಂಟೆ.

ಸೆರೆಬ್ರಲ್ ಪಾಲ್ಸಿಗೆ ಬಂದರೆ ಪ್ರಚಲಿತ ನಂಬಿಕೆ ಪೂರ್ತಿ ಕುಸಿಯುತ್ತದೆ. 1861ರಲ್ಲಿ ಲಂಡನ್ನಿನ ಮೂಳೆವೈದ್ಯ ವಿಲಿಯಂ ಜಾನ್ ಲಿಟಲ್, ಕಷ್ಟದ ಹೆರಿಗೆಯಲ್ಲಿ ಹುಟ್ಟಿದ ಮಕ್ಕಳ ಕೈಕಾಲು ಬಿಗಿದುಕೊಳ್ಳುವ ಸ್ಥಿತಿಯನ್ನು ಪ್ರಸೂತಿ ವೈದ್ಯರ ಸಂಘದ ಮುಂದೆ ವಿವರಿಸಿದ. ಅವನು ಒತ್ತಿ ಹೇಳಿದ್ದು ಬಿಗಿತವನ್ನು. ಮುಂದೆ ಆಸ್ಲರ್ ಪಾಲ್ಸಿ ಎಂಬ ಹೆಸರನ್ನು ನೆಲೆಗೊಳಿಸಿದ. ಮನೋವಿಶ್ಲೇಷಣೆಗೆ ಹೆಸರಾಗುವ ಮೊದಲು ನರವೈದ್ಯನಾಗಿದ್ದ ಸಿಗ್ಮಂಡ್ ಫ್ರಾಯ್ಡ್ 1897ರಲ್ಲಿ ಇದೇ ವಿಷಯದ ಮೇಲೆ ದೊಡ್ಡ ಗ್ರಂಥ ಬರೆದ. ಹೆರಿಗೆಯ ತೊಂದರೆ ಕಾರಣವಾಗಿರದೆ, ಗರ್ಭದಲ್ಲಿಯೇ ಆದ ಏರುಪೇರಿನ ಒಂದು ಲಕ್ಷಣವಾಗಿರಬಹುದು ಎಂದು ಲಿಟಲ್‌ನನ್ನು ತಿದ್ದಿದವನೂ ಅವನೇ. ಈ ಹೆಸರಿನ ಅಡಿಯಲ್ಲಿ ಬಲಹೀನತೆ ಹಿಂದೆ ಸರಿದು ಬಿಗಿತವೋ ತಡೆಯಲಾಗದ ಚಲನೆಯೋ ಮುಂದಾಗಿರುವ ಮಕ್ಕಳೂ ಸೇರುತ್ತಾರೆ ಎಂಬುದನ್ನು ಫ್ರಾಯ್ಡ್ ಅಂದೇ ಒಪ್ಪಿಕೊಂಡಿದ್ದ. ನೂರು ವರ್ಷಗಳಿಗೂ ಹಿಂದೆ ತಜ್ಞರು ಬಿಟ್ಟ ತಪ್ಪನ್ನು ಇಂದಿನ ಅನುವಾದ ಎತ್ತಿ ಹಿಡಿದಿದೆ.

ಇಂದಿನ ಅಂತರರಾಷ್ಟ್ರೀಯ ವ್ಯಾಖ್ಯೆ 2006ರಲ್ಲಿ ಸಿದ್ಧವಾದದ್ದು. ಬೆಳೆಯುತ್ತಿರುವ ಭ್ರೂಣದ ಅಥವಾ ಶಿಶುವಿನ ಮಿದುಳಿಗೆ ಆದ, ಮುಂದೆ ಉಲ್ಬಣಿಸದ ಹಾನಿಯಿಂದ ಚಲನೆ ಮತ್ತು ಭಂಗಿಯಲ್ಲಿ ಶಾಶ್ವತವಾಗಿ ಉಂಟಾಗುವ ತೊಂದರೆಗಳ ಗುಂಪು ಎಂದು ಅದು ಹೇಳುತ್ತದೆ. ಭಾರತದ ಅಂಗವಿಕಲರ ಹಕ್ಕುಗಳ ಕಾಯ್ದೆ, 2016, ಹೇಳುವುದೂ ಹೆಚ್ಚುಕಡಿಮೆ ಇದನ್ನೇ: ದೇಹದ ಚಲನೆ ಮತ್ತು ಸ್ನಾಯುಗಳ ಹೊಂದಾಣಿಕೆಯನ್ನು ಬಾಧಿಸುವ, ಉಲ್ಬಣಿಸದ ನರಸ್ಥಿತಿಗಳ ಗುಂಪು. ಎರಡರಲ್ಲಿಯೂ ಲಕ್ವದ ಮಾತಿಲ್ಲ.

ಮಕ್ಕಳನ್ನು ನೋಡಿದರೆ ಕಾರಣ ತಿಳಿಯುತ್ತದೆ. ಸೆರೆಬ್ರಲ್ ಪಾಲ್ಸಿ ಇರುವವರಲ್ಲಿ ಸುಮಾರು ಶೇಕಡಾ 80 ಮಂದಿಯದು ಸ್ಪಾಸ್ಟಿಕ್ ಬಗೆ. ಅವರ ಸ್ನಾಯುಗಳು ಸದಾ ಬಿಗಿದುಕೊಂಡಿರುತ್ತವೆ; ಮಡಿಚಿದ ಕಾಲನ್ನು ಬೇಗನೆ ನೀಡಲು ಹೋದರೆ ಎದುರೊತ್ತುತ್ತವೆ; ಮಗು ತುದಿಗಾಲಲ್ಲಿ, ಮಂಡಿಗಳನ್ನು ಕತ್ತರಿಯಂತೆ ಹೆಣೆದುಕೊಂಡು ನಡೆಯುತ್ತದೆ. ಇದಕ್ಕೆ ಕೊಡುವ ಚಿಕಿತ್ಸೆಗಳಲ್ಲಿ ಒಂದು ಬೊಟುಲಿನಂ ಚುಚ್ಚುಮದ್ದು, ಅಂದರೆ ಸ್ನಾಯುವನ್ನು ಕೆಲವು ತಿಂಗಳ ಮಟ್ಟಿಗೆ ಸಡಿಲಗೊಳಿಸುವ ವಿಷ. ಸ್ನಾಯು ಅಲುಗದೆ ಬಿದ್ದಿರುವುದೇ ಕಾಯಿಲೆಯಾಗಿದ್ದರೆ ಈ ಚಿಕಿತ್ಸೆಗೆ ಅರ್ಥವೇ ಇರುತ್ತಿರಲಿಲ್ಲ. (ಪಾರ್ಶ್ವವಾಯುವಿನ ನಂತರ ಕೈ ಬಿಗಿದುಕೊಂಡವರಿಗೂ ಇದೇ ಮದ್ದನ್ನು ಕೊಡುವುದುಂಟು. ಅಲ್ಲಿಯೂ ಅದು ಬಿಗಿತಕ್ಕೆ ಮದ್ದು, ಬಲಹೀನತೆಗಲ್ಲ.) ಇನ್ನೊಂದು ಬಗೆಯ ಮಕ್ಕಳಲ್ಲಿ ಚಲನೆ ಅತಿಯಾಗುತ್ತದೆ: ಕೈ, ಕುತ್ತಿಗೆ, ನಾಲಗೆ ಕೇಳದೆಯೇ ಹೊರಳುತ್ತವೆ, ಸುಮ್ಮನೆ ಕೂರುವುದೇ ಕಷ್ಟ. ಡಬ್ಲಿನ್ನಿನ ಕ್ರಿಸ್ಟಿ ಬ್ರೌನ್‌ನದು ಇಂಥ ದೇಹ. ಹಿಡಿತಕ್ಕೆ ಸಿಕ್ಕಿದ್ದು ಎಡಗಾಲು ಒಂದೇ, ಅದರಲ್ಲೇ ಚಿತ್ರ ಬಿಡಿಸಿದ, ಬರೆದ. 1954ರಲ್ಲಿ ಬಂದ ಅವನ ಆತ್ಮಕಥೆಯ ಹೆಸರೂ 'ಮೈ ಲೆಫ್ಟ್ ಫುಟ್'. ಮುಂಬೈಯ ಮಾಲಿನಿ ಚಿಬ್ ತಮ್ಮ ಆತ್ಮಕಥೆ 'ಒನ್ ಲಿಟಲ್ ಫಿಂಗರ್' ಅನ್ನು ಒಂದೇ ಬೆರಳಿನಿಂದ ಟೈಪ್ ಮಾಡಿದರು. ಅವರ ತಾಯಿ ಮಿಥು ಅಲೂರ್ 1972ರಲ್ಲಿ ಮುಂಬೈಯಲ್ಲಿ ಆರಂಭಿಸಿದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಇಂಡಿಯಾ ಈ ಮಕ್ಕಳ ಶಿಕ್ಷಣಕ್ಕೆ ದೇಶದಲ್ಲಿ ದಾರಿ ತೋರಿದ ಸಂಸ್ಥೆ. ಬೆಂಗಳೂರಿನಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇದೆ. ಈ ಸಂಸ್ಥೆಗಳಿಗೆ ಇಟ್ಟ ಹೆಸರಿನಲ್ಲಿದ್ದದ್ದು ಬಿಗಿತವನ್ನು ಸೂಚಿಸುವ ಪದ. (ಬ್ರಿಟನ್ನಿನಲ್ಲಿ ಆ ಪದ ಮಕ್ಕಳ ಬೈಗುಳವಾಗಿ ಕೆಟ್ಟುಹೋದದ್ದರಿಂದ ಅಲ್ಲಿನ ಸ್ಪಾಸ್ಟಿಕ್ಸ್ ಸೊಸೈಟಿ 1994ರಲ್ಲಿ 'ಸ್ಕೋಪ್' ಎಂದು ಹೆಸರು ಬದಲಿಸಿಕೊಂಡಿತು. ಭಾರತದಲ್ಲಿ ಪದಕ್ಕೆ ಆ ಕಳಂಕ ಅಂಟಲಿಲ್ಲ.)

'ಮಿದುಳಿನ ಪಾರ್ಶ್ವವಾಯು' ಎಂಬ ಅನುವಾದ ಇದೆಲ್ಲದರ ಮೇಲೆ ಬಟ್ಟೆ ಮುಚ್ಚುತ್ತದೆ. ಮಿದುಳಿಗೆ ಲಕ್ವ ಹೊಡೆದಿದೆ ಎಂದು ಕೇಳಿದವನು ಬುದ್ಧಿಯೇ ಹೋಗಿದೆ ಎಂದುಕೊಳ್ಳುತ್ತಾನೆ. ಮಗುವನ್ನು ಶಾಲೆಗೆ ಕಳಿಸುವ ಯೋಚನೆ ಅಲ್ಲಿಗೇ ನಿಲ್ಲುತ್ತದೆ. ಸೆರೆಬ್ರಲ್ ಪಾಲ್ಸಿ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಬೌದ್ಧಿಕ ಕೊರತೆ ಇಲ್ಲ. ಮಾತು ತೊದಲುವುದು ನಾಲಗೆಯ ಸ್ನಾಯುಗಳ ತೊಂದರೆಯಿಂದ. 'ಪಾರ್ಶ್ವ' ಎಂಬುದೂ ಬಹುಪಾಲು ಹೊಂದುವುದಿಲ್ಲ: ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಲ್ಲಿ ಹೆಚ್ಚಾಗಿ ಬಾಧೆಗೊಳಗಾಗುವುದು ಎರಡೂ ಕಾಲುಗಳು.

ದೋಷ ಕನ್ನಡದ ಪದಗಳದ್ದಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಲಕ್ವ ಅರಬ್ಬಿಯ 'ಲಕ್ವಾ'. ಯುನಾನಿ ವೈದ್ಯದಲ್ಲಿ ಅದರ ಅರ್ಥ ಮುಖ ಸೊಟ್ಟಗಾಗುವುದು ಮಾತ್ರ. ಅರ್ಧ ದೇಹ ಬಿದ್ದುಹೋಗುವುದಕ್ಕೆ 'ಫಾಲಿಜ್' ಎಂಬ ಬೇರೆ ಪದ, ನಡುಕಕ್ಕೆ 'ರಅಶಾ' ಎಂಬ ಮೂರನೆಯದು. 9–10ನೆಯ ಶತಮಾನಗಳ ವೈದ್ಯ ಅಲ್-ರಾಜಿ ಮುಖದ ಈ ಕಾಯಿಲೆಯನ್ನು ಬೆಲ್‌ಗಿಂತ ಸುಮಾರು 900 ವರ್ಷ ಮೊದಲೇ ವಿವರಿಸಿದ್ದ. ಆಯುರ್ವೇದದಲ್ಲಿಯೂ ಹಾಗೆಯೇ: ಸುಶ್ರುತ ಅರ್ದಿತವನ್ನು ಮುಖಕ್ಕೆ ಸೀಮಿತಗೊಳಿಸುತ್ತಾನೆ, ಪಕ್ಷಾಘಾತ ಅರ್ಧ ದೇಹದ್ದು, ಮೈಯೆಲ್ಲ ತಲೆಯೆಲ್ಲ ನಡುಗುವುದಕ್ಕೆ ಮಾಧವ ನಿದಾನ ಎಂಬ ಗ್ರಂಥದಲ್ಲಿ ವೇಪಥು ಎಂಬ ಹೆಸರು, ಈಚಿನ ಬಳಕೆಯಲ್ಲಿ ಕಂಪವಾತ. ಪಾರ್ಶ್ವವಾಯು ಎಂಬುದೂ ತನ್ನ ಜಾಗದಲ್ಲಿ ಕರಾರುವಾಕ್ಕಾದ ಪದ: ಒಂದು ಪಾರ್ಶ್ವ, ಅಂದರೆ ಇಂಗ್ಲಿಷಿನ ಹೆಮಿಪ್ಲೀಜಿಯಾ. ಹೊಡೆತದ ಕಲ್ಪನೆಯೂ ಹಲವು ಭಾಷೆಗಳಲ್ಲಿ ಒಂದೇ. ಗ್ರೀಕಿನ ಪ್ಲೀಜಿಯಾ, ಇಂಗ್ಲಿಷಿನ ಸ್ಟ್ರೋಕ್, ಸಂಸ್ಕೃತದ ಆಘಾತ, ಕನ್ನಡದ 'ಲಕ್ವ ಹೊಡೀತು' ಎಲ್ಲವೂ ಇದ್ದಕ್ಕಿದ್ದಂತೆ ಬಿದ್ದ ಪೆಟ್ಟನ್ನು ಹೇಳುತ್ತವೆ. ಪಾಲ್ಸಿಯ ಬೇರಿನಲ್ಲಿ ಹೊಡೆತವಿಲ್ಲ, ಸಡಿಲವಿದೆ. ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಮಿದುಳು ಬೇರೆ ರೀತಿ ಬೆಳೆದ ಮಗುವಿಗೆ ಯಾರೂ ಏನೂ ಹೊಡೆದಿಲ್ಲ. ಪರಂಪರೆ ಮೂರು ಬೇರೆ ಪದ ಕೊಟ್ಟಿದ್ದರೂ ಎಲ್ಲವನ್ನೂ ಒಂದು ಚೀಲಕ್ಕೆ ಸುರಿದದ್ದು ಈಚಿನ ಬರವಣಿಗೆ. ಅದಕ್ಕೆ ಇಂಗ್ಲಿಷ್ ಕಿರು ನಿಘಂಟಿನ ಒಪ್ಪಿಗೆಯ ಮುದ್ರೆಯೂ ಸಿಕ್ಕಿತು.

ಇಷ್ಟು ಸೂಕ್ಷ್ಮ ಜನಸಾಮಾನ್ಯರಿಗೆ ಏಕೆ, ಅದು ವೈದ್ಯರಿಗೆ ಬಿಟ್ಟದ್ದು ಎನ್ನುವ ಮಾತು ಕೊನೆಗೆ ಬಂದೇ ಬರುತ್ತದೆ. ಕೇಳಲು ವಿನಯದಂತಿರುವ ಈ ಮಾತು ಎಲ್ಲಕ್ಕಿಂತ ಅಪಾಯಕಾರಿ. ರಾಜ್ಯದ ಹಲವು ಕಡೆ ಲಕ್ವಕ್ಕೆ ನಾಟಿ ಔಷಧಿ ಕೊಡುವವರಿದ್ದಾರೆ. ಅವರ ಮನೆಯ ಮುಂದೆ ಸೇರುವವರಲ್ಲಿ ಬಾಯಿ ಸೊಟ್ಟಗಾದವರೂ ಅರ್ಧ ಮೈ ಬಿದ್ದವರೂ ಇರುತ್ತಾರೆ, ಕೆಲವೊಮ್ಮೆ ಕಂಕುಳಲ್ಲಿ ಬಿಗಿದ ಕಾಲಿನ ಕೂಸನ್ನು ಎತ್ತಿಕೊಂಡ ತಾಯಂದಿರೂ. ಮೊದಲನೆಯವರಲ್ಲಿ ಬಹುಪಾಲು ಜನ ಔಷಧಿ ಕುಡಿದರೂ ಕುಡಿಯದಿದ್ದರೂ ಕೆಲವು ವಾರಗಳಲ್ಲಿ ಸರಿಹೋಗುವವರು, ಏಕೆಂದರೆ ಅವರದು ಬೆಲ್ಸ್ ಪಾಲ್ಸಿ. ಆದರೆ ಊರಿಗೆ ಮರಳಿ ಅವರು ಹೇಳುವುದು 'ಲಕ್ವ ವಾಸಿಯಾಯಿತು' ಎಂದು. ಆ ಮಾತನ್ನು ನಂಬಿ ಮುಂದಿನ ಸಲ ಹೊರಡುವ ಗಾಡಿಯಲ್ಲಿ ಇರುವುದು ಮಿದುಳಿನ ಆಘಾತವಾದವನು. ನಾಲ್ಕೂವರೆ ಗಂಟೆ ರಸ್ತೆಯಲ್ಲಿ ಕಳೆಯುತ್ತದೆ. ಔಷಧಿ ಕೊಡುವವನು ಸುಳ್ಳು ಹೇಳಬೇಕಾದ ಅಗತ್ಯವೂ ಇಲ್ಲ. ವಾಸಿಯಾದದ್ದು ನಿಜ, ಹೇಳಿದವನು ಪ್ರಾಮಾಣಿಕ. ಸುಳ್ಳು ಇರುವುದು ಎರಡು ಕಾಯಿಲೆಗಳಿಗೆ ಕೊಟ್ಟ ಒಂದೇ ಹೆಸರಿನಲ್ಲಿ. ಕೂಸಿನ ವಿಷಯದಲ್ಲಿ ನಷ್ಟ ನಿಧಾನವಾದದ್ದು. ಲಕ್ವವಾದರೆ ಒಂದಲ್ಲ ಒಂದು ದಿನ ಇಳಿಯಬೇಕಲ್ಲ ಎಂದು ಎಣ್ಣೆ ತಿಕ್ಕಿಸುತ್ತಾ ಕಾಯುವಾಗ, ಫಿಸಿಯೋಥೆರಪಿಯಿಂದ, ಕೂರುವ ನಿಲ್ಲುವ ತಾಲೀಮಿನಿಂದ ಹೆಚ್ಚು ಲಾಭವಾಗುವ ಮೊದಲ ವರ್ಷಗಳು ಕಳೆದುಹೋಗುತ್ತವೆ.

ತಿದ್ದುವುದು ಕಷ್ಟದ ಕೆಲಸವಲ್ಲ. ಪಾಲ್ಸಿ ಎಂಬ ನಮೂದಿನ ಎದುರು ಮೂರು ಅರ್ಥ ಬರೆಯಬೇಕು: ಹಳೆಯ ಬಳಕೆಯಲ್ಲಿ, ಮುಖ್ಯವಾಗಿ ಬೈಬಲ್‌ನಲ್ಲಿ, ಪಾರ್ಶ್ವವಾಯು; ಹಳೆಯ ಸಾಹಿತ್ಯದಲ್ಲಿ ಮುಪ್ಪಿನ ಅಥವಾ ರೋಗದ ನಡುಕ; ಇಂದಿನ ವೈದ್ಯಕೀಯದಲ್ಲಿ ಚಲನೆಯ ಹಿಡಿತ ತಪ್ಪುವ ಅಥವಾ ನಿರ್ದಿಷ್ಟ ನರ ಬಲಗುಂದುವ ಕೆಲವು ರೋಗಗಳ ಹೆಸರಿನ ಭಾಗ. ಬೆಲ್ಸ್ ಪಾಲ್ಸಿಯನ್ನು ಮುಖದ ನರದ ಬಲಹೀನತೆ ಎನ್ನಬಹುದು. ಅರ್ದಿತ ಎಂಬ ಪದ ಬಲ್ಲವರು ಅದನ್ನೇ ಬಳಸಲಿ. ಪಾರ್ಶ್ವವಾಯು ಅರ್ಧ ದೇಹಕ್ಕೆ ಮೀಸಲಾಗಿರಲಿ. ಸೆರೆಬ್ರಲ್ ಪಾಲ್ಸಿಗೆ ಅನುವಾದವೇ ಬೇಡ. ಪೋಲಿಯೊ, ಕ್ಯಾನ್ಸರ್, ಡೆಂಗಿ ಎಂಬ ಹೆಸರುಗಳನ್ನು ಕನ್ನಡ ಪತ್ರಿಕೆಗಳು ಇದ್ದ ಹಾಗೆಯೇ ಬರೆಯುತ್ತವೆ, ಓದುಗರಿಗೆ ಅದರಿಂದ ತೊಂದರೆಯಾಗಿಲ್ಲ. ಸೆರೆಬ್ರಲ್ ಪಾಲ್ಸಿಯನ್ನೂ ಹಾಗೆಯೇ ಬರೆಯಲಿ.